ಹೆಂಚಿನ ಸಂದು ಕಲಿಸಿದ ಪಾಠ

ಮಂಜೇಶ್ವರದಲ್ಲಿರುವ ನಮ್ಮ ಉಪ್ಪನ ಜೀನಸಿನ ಅಂಗಡಿಗೆ ಇವತ್ತಿಗೂ ಹೆಂಚಿನ ಮಾಡು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬಂದ ವರ್ಷ ಅದು ಒಂದು ಕಡೆ ಸೋರುತ್ತಿತ್ತು. ಅಟ್ಟ ಹತ್ತಿ ನೋಡಿದರೆ ಹೆಂಚು ಹೆಂಚಿನ ನಡುವೆ ಸಂದು. ಕೆಲಸ ಬಿಗಿಯಾಗಿಲ್ಲ ಎಂದು ತೀರ್ಮಾನಿಸಿ ಸಂದಿಗೆಲ್ಲ ಸಿಮೆಂಟ್ ಮೆತ್ತಿದೆ. ಆಟಿಯ ಮಳೆಗೆ ಎರಡು ಮೂಟೆ ಸಕ್ಕರೆ ನೀರಾಯಿತು.

ಉಪ್ಪ ಬೈಯಲಿಲ್ಲ. "ಮೋನೇ, ಒಡೆದದ್ದು ಒಂದು ಹೆಂಚು. ಅದೊಂದನ್ನು ಬಿಟ್ಟು ಬೇರೆಲ್ಲವನ್ನೂ ನೀನು ರಿಪೇರಿ ಮಾಡಿದೆ" ಎಂದರು. ನಾಚಿಕೆಯಾಯಿತು. ಈ ಹೆಂಚು ಎಲ್ಲಿಂದ ಬಂತೆಂದು ಹುಡುಕಿದ್ದು ಆಮೇಲೆ.

ನಮ್ಮ ಕರಾವಳಿಯಲ್ಲಿ ಮೊದಲು ಇದ್ದದ್ದು ಮುಳಿಹುಲ್ಲಿನ ಮಾಡು, ಅನುಕೂಲಸ್ಥರಿಗೆ ಅರೆಗೊಳವೆಯಂಥ ನಾಡಹೆಂಚು. ಹುಲ್ಲಿಗೆ ಬೆಂಕಿಯ ಭಯ, ಮತ್ತೆ ಮತ್ತೆ ಹೊದೆಸುವ ಖರ್ಚು. ನಾಡಹೆಂಚು ಬೆಕ್ಕು ಓಡಿದರೂ ಜಾರುತ್ತಿತ್ತು. ಒಂದಕ್ಕೊಂದು ಕೊಂಡಿಯಾಗುವ ಹೆಂಚಿಗೆ ಫ್ರಾನ್ಸಿನ ಅಲ್ಸೇಸಿನಲ್ಲಿ ಗಿಲಾರ್ಡೋನಿ ಸಹೋದರರು 1841ರಲ್ಲಿ ಪೇಟೆಂಟ್ ಪಡೆದರು. ಅವರ ಊರು ಆಲ್ಟ್‌ಕಿರ್ಶ್, ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರಕ್ಕೆ ಹತ್ತಿರ. ಆ ಬಾಸೆಲಿನ ಮಿಷನ್ 1834ರಲ್ಲೇ ಮಂಗಳೂರಿಗೆ ಬಂದಿತ್ತು. ತನ್ನನ್ನು ಸೇರಿದವರಿಗೆ ಉದ್ಯೋಗ ಕೊಡುವ ಹೊಣೆ ಅದರ ಮೇಲಿತ್ತು. ಮಿಷನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ದಡದಲ್ಲಿ ಜೇಡಿಮಣ್ಣಿತ್ತು, ಸಾಗಿಸಲು ಹೊಳೆ ಮತ್ತು ಬಂದರು ಇತ್ತು. ಮುಂದೆ ಈ ಹೆಂಚು ಕಡಲು ದಾಟಿ ಪೂರ್ವ ಆಫ್ರಿಕಾದ ತನಕ ಹೋಯಿತು.

ಇದರ ವಿನ್ಯಾಸ ನೋಡಿ. ಎರಡು ಮೂರು ಕಿಲೋ ತೂಕ, ಒಬ್ಬ ಒಂದೇ ಕೈಯಲ್ಲಿ ಎತ್ತಬಹುದು. ಅಡಿಯಲ್ಲಿರುವ ಗುಬ್ಬಿಗಳು ರೀಪಿಗೆ ಸಿಕ್ಕಿಕೊಳ್ಳುತ್ತವೆ. ಸಾಮಾನ್ಯವಾಗಿ ಮೊಳೆ ಬೇಡ, ಗಾರೆ ಬೇಡ. ತನ್ನ ಭಾರದಿಂದಲೇ ಕೂರುತ್ತದೆ.

ಇನ್ನು ಆ ಸಂದು. ಮಣ್ಣು ಒಣಗುವಾಗ ಕುಗ್ಗುತ್ತದೆ, ಸುಡುವಾಗ ಸ್ವಲ್ಪ ಸೊಟ್ಟಗಾಗುತ್ತದೆ. ಎರಡು ಹೆಂಚು ತದ್ರೂಪ ಆಗುವುದಿಲ್ಲ. ಕಬ್ಬಿಣದ ಭಾಗಗಳಂತೆ ಬಿಗಿಯಾಗಿ ಕೂರಿಸಲು ಹೋದರೆ ಅರ್ಧದಷ್ಟು ಎಸೆಯಬೇಕಾದೀತು. ಆದ್ದರಿಂದ ಜೋಡಣೆಯನ್ನೇ ಸಡಿಲ ಇಟ್ಟರು. ಅಂಚಿನ ಚಡಿಯೊಳಗೆ ನೀರು ಬಂದರೆ ಬರಲಿ, ಅದು ಇಳಿದು ಕೆಳಗಿನ ಹೆಂಚಿನ ಮೇಲೆ ಬೀಳುತ್ತದೆ. ಅದೇ ಸಂದಿನಿಂದ ಒಳಗಿನ ಸೆಕೆಯೂ ಹೊರಹೋಗುತ್ತದೆ. ನಾನು ಸಿಮೆಂಟ್ ತುಂಬಿದ್ದು ಆ ಚಡಿಗೇ. ದಾರಿ ಕಟ್ಟಿದ ಮೇಲೆ ನೀರು ಏರಿ ಅಂಗಡಿಯೊಳಗೆ ಇಳಿಯಿತು.

ಕಾಲೇಜಿನಲ್ಲಿ ನಿಖರತೆ ಕಲಿತಿದ್ದೆ. ಎಲ್ಲಿ ನಿಖರತೆ ಬೇಡ ಎಂದು ತಿಳಿಯುವುದೂ ಇಂಜಿನಿಯರಿನ ಕೆಲಸವೇ ಎಂದು ಈ ಮಾಡು ಕಲಿಸಿತು. ಪ್ಲೆಬ್ಸ್ಟ್ ಮಣ್ಣಿನ ದೋಷವನ್ನು ತಿದ್ದಲು ಹೋಗದೆ, ಅದಕ್ಕೆ ಜಾಗ ಬಿಡುವ ಹೆಂಚನ್ನೇ ಇಲ್ಲಿಗೆ ತಂದರು.

ಸಿಮೆಂಟ್ ಕೆತ್ತಿ ತೆಗೆಯುವಾಗ ಹನ್ನೊಂದು ಒಳ್ಳೆಯ ಹೆಂಚು ಒಡೆದವು. ಈಗ ಪ್ರತಿವರ್ಷ ಮಳೆಗೆ ಮೊದಲು ನಾನೇ ಹತ್ತುತ್ತೇನೆ. ಒಡೆದ ಹೆಂಚನ್ನು ಎಳೆದು ಹೊಸದನ್ನು ತೂರಿಸಿದರೆ ಮುಗಿಯಿತು. ಕೆಳಗೆ ನಿಂತು ಹೆಂಚು ಎತ್ತಿಕೊಡುವುದು ಉಪ್ಪ.