ಸಿಡುಬಿನ ರೋಗಿಗೆ ಗಾಡಿ ಕೊಡೋದು ಯಾರು?

2020ರಲ್ಲಿ ನಮ್ಮ ಬೀದಿಗೆ ಆಂಬುಲೆನ್ಸ್ ಬಂದಾಗ ಎಲ್ಲರೂ ಕಿಟಕಿ ಮುಚ್ಚಿಕೊಂಡ್ವಿ. ನಾನೂ ಮುಚ್ಚಿದೆ. ಒಳಗೆ ಪಕ್ಕದ ಮನೆ ಅಜ್ಜ ಏದುಸಿರು ಬಿಡ್ತಿದ್ರು. ಅವರ ಜೊತೆ ಪಿಪಿಇ ಕಿಟ್ ಹಾಕ್ಕೊಂಡು ಕೂತಿದ್ದ ಹುಡುಗನಿಗೆ ನನಗಿಂತ ಚಿಕ್ಕ ವಯಸ್ಸು. ಸೋಂಕಿರೋ ರೋಗಿಯನ್ನ ಸಾಗಿಸೋದು ಯಾರ ಜವಾಬ್ದಾರಿ? ಈ ಪ್ರಶ್ನೆ ಹಿಡಿದು ಹೊರಟಾಗ ಸಿಕ್ಕಿದ್ದು 19ನೇ ಶತಮಾನದ ಲಂಡನ್.

ಅಲ್ಲಿ ಸಿಡುಬು ಬಂದವರನ್ನ ಆಸ್ಪತ್ರೆಗೆ ಒಯ್ಯೋಕೆ ಜನ ಬಾಡಿಗೆ ಕುದುರೆ ಗಾಡಿ ಹಿಡೀತಿದ್ರು. ಆಮೇಲೆ ಅದೇ ಸೀಟಲ್ಲಿ ಇನ್ಯಾರೋ ಕೂರ್ತಿದ್ರು. 1866ರಲ್ಲಿ ಕಾನೂನು ಬಂತು: ಸೋಂಕಿದೆ ಅಂತ ಹೇಳದೆ ಬಾಡಿಗೆ ಗಾಡಿ ಹತ್ತಿದ್ರೆ 5 ಪೌಂಡ್‌ವರೆಗೆ ದಂಡ. ರೋಗಿಗಳಿಗಾಗಿ ಸ್ಥಳೀಯ ಸಂಸ್ಥೆಗಳು ಬೇರೆ ಗಾಡಿ ಇಡಬಹುದು ಅಂತಲೂ ಅದರಲ್ಲಿತ್ತು. ಗಮನಿಸಿ, 'ಇಡಬಹುದು'. 'ಇಡಲೇಬೇಕು' ಅಲ್ಲ.

ನಾನು ಬಿ.ಕಾಂ. ಓದಿದವನು, ಲೆಕ್ಕ ಹಾಕ್ತೀನಿ. ಹೇಳಿದ್ರೆ ಗಾಡಿಯವನು ಹತ್ತಿಸಿಕೊಳ್ಳಲ್ಲ, ಹೇಳದಿದ್ರೆ ದಂಡ. ಬೇರೆ ಗಾಡಿ ಇಲ್ಲದ ಕಡೆ ಬಡವರು ಏನು ಮಾಡ್ತಾರೆ? ಬಾಯಿ ಮುಚ್ಚಿಕೊಂಡು ಹತ್ತುತ್ತಾರೆ.

1880ರ ದಶಕದ ಆರಂಭದಲ್ಲಿ ಮೆಟ್ರೊಪಾಲಿಟನ್ ಅಸೈಲಮ್ಸ್ ಬೋರ್ಡ್ ಅನ್ನೋ ಸಾರ್ವಜನಿಕ ಸಂಸ್ಥೆ ತನ್ನದೇ ಕುದುರೆ ಆಂಬುಲೆನ್ಸ್‌ಗಳನ್ನ ಶುರು ಮಾಡಿತು. ಅಷ್ಟರಲ್ಲಿ ಇನ್ನೊಂದು ಭಯ: ಊರೊಳಗಿನ ಸಿಡುಬು ಆಸ್ಪತ್ರೆ ಸುತ್ತಮುತ್ತಲ ಮನೆಗಳಲ್ಲೇ ರೋಗ ಹೆಚ್ಚು ಕಾಣಿಸ್ತಿತ್ತು. ಹಾಗಾಗಿ ಆಸ್ಪತ್ರೆಯನ್ನೇ ಥೇಮ್ಸ್ ನದಿಗೆ ಇಳಿಸಿದ್ರು. ಲಂಡನ್ ಸೇತುವೆಯಿಂದ ಸುಮಾರು 27 ಕಿ.ಮೀ. ದೂರದ ಲಾಂಗ್ ರೀಚ್‌ನಲ್ಲಿ ಅಟ್ಲಾಸ್, ಎಂಡಿಮಿಯನ್, ಕ್ಯಾಸ್ಟೇಲಿಯಾ ಅನ್ನೋ ಮೂರು ಹಡಗುಗಳು ಆಸ್ಪತ್ರೆಯಾದವು.

ಅಷ್ಟು ದೂರ ಹೋಗೋದು ಹೇಗೆ? 1884ರಿಂದ 'ರೆಡ್ ಕ್ರಾಸ್' ಅನ್ನೋ ಉಗಿಹಡಗು ಬಂತು, ಅಂದ್ರೆ ನದಿ ಮೇಲಿನ ಆಂಬುಲೆನ್ಸ್. ಮನೆಯಿಂದ ಕುದುರೆ ಗಾಡಿ, ಜೊತೆಗೆ ನರ್ಸ್. ನದಿ ದಂಡೆಯಲ್ಲಿ ಡಾಕ್ಟರ್ ಪರೀಕ್ಷೆ. ಪ್ರಯಾಣ ತಡೆಯಲಾರದಷ್ಟು ಸುಸ್ತಾದವರನ್ನ ಅಲ್ಲೇ ಉಳಿಸಿಕೊಳ್ತಿದ್ರು. ರೋಗಿ ಇಳಿದ ಮೇಲೆ ಗಾಡಿಯನ್ನ ಸೋಂಕುನಿವಾರಕ ಹಾಕಿ ತೊಳೀತಿದ್ರು.

1904ರಲ್ಲಿ ಆ ಮೂರೂ ಹಡಗುಗಳನ್ನ ಗುಜರಿಗೆ ಮಾರಿದ್ರು. ಅಷ್ಟೊತ್ತಿಗೆ ದಡದಲ್ಲೇ ಆಸ್ಪತ್ರೆ ಕಟ್ಟಿದ್ರು.

ದಂಡ ಹಾಕೋಕೆ ಒಂದು ಕಾನೂನು ಸಾಕಾಯ್ತು. ಗಾಡಿ, ನರ್ಸ್, ಡಾಕ್ಟರ್ ಒದಗಿಸೋಕೆ ಹದಿನೈದು-ಹದಿನೆಂಟು ವರ್ಷ ಬೇಕಾಯ್ತು, ದುಡ್ಡೂ ಬೇಕಾಯ್ತು. ನಮ್ಮ ಬೀದಿಯ ಆ ಅಜ್ಜ ವಾಪಸ್ ಬಂದ್ರು. ಆ ಹುಡುಗನ ಹೆಸರು ಮಾತ್ರ ನಾವ್ಯಾರೂ ಕೇಳಲಿಲ್ಲ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.