ಜೇಬುಚಾಕು: ಗಗನಯಾನದಲ್ಲಿ ಮತ್ತು ಭದ್ರತಾ ತಪಾಸಣೆಯಲ್ಲಿ

ಅಲಗನ್ನು ಹಿಡಿಯೊಳಕ್ಕೆ ಮಡಚಿ ಜೇಬಿನಲ್ಲಿಟ್ಟುಕೊಳ್ಳುವ ಸಣ್ಣ ಚಾಕುವೇ ಜೇಬುಚಾಕು. ಇದರ ಅತಿ ಪ್ರಸಿದ್ಧ ರೂಪ ಸ್ವಿಸ್ ಸೇನಾಚಾಕು. ಸ್ವಿಟ್ಜರ್ಲೆಂಡಿನ ಇಬಾಖ್ ಊರಿನಲ್ಲಿ 1884ರಲ್ಲಿ ಕಾರ್ಯಾಗಾರ ತೆರೆದ ಕಾರ್ಲ್ ಎಲ್ಸೆನರ್, 1897ರಲ್ಲಿ ‘ಅಧಿಕಾರಿಯ ಚಾಕು’ವಿನ ವಿನ್ಯಾಸವನ್ನು ನೋಂದಾಯಿಸಿದ. ಆ ಸಂಸ್ಥೆಯೇ ಇಂದಿನ ವಿಕ್ಟೋರಿನಾಕ್ಸ್. ಬಾಹ್ಯಾಕಾಶ ನೌಕೆಯಲ್ಲಿ ಅಧಿಕೃತ ಸಲಕರಣೆಯಾದ ಈ ವಸ್ತು, ಹಲವು ದೇಶಗಳಲ್ಲಿ ವಿಮಾನದ ಪ್ರಯಾಣಿಕರ ಕೋಣೆಯಲ್ಲಿ ನಿಷಿದ್ಧ.

ಗಗನಯಾತ್ರಿಗಳಿಗೆ ಮೊದಲು ಚಾಕು ಕೊಟ್ಟದ್ದು ಆಕಾಶದಲ್ಲಿ ಬಳಸಲೆಂದಲ್ಲ, ನೆಲಕ್ಕಿಳಿದ ಮೇಲೆ ಬದುಕುಳಿಯಲೆಂದು. ಅಮೆರಿಕದ ಮರ್ಕ್ಯುರಿ ಯಾನಿಗಳಿಗಾಗಿ ಫ್ಲಾರಿಡಾದ ರ‍್ಯಾಂಡಲ್ ಕಾರ್ಯಾಗಾರ ‘ಆಸ್ಟ್ರೋ’ ಎಂಬ ಮಡಚದ ಚಾಕು ತಯಾರಿಸಿತು. ಗಸ್ ಗ್ರಿಸಮ್ 1961ರ ಜುಲೈನಲ್ಲಿ ಅಟ್ಲಾಂಟಿಕ್‌ಗೆ ಇಳಿದಾಗ ಅವರ ನೌಕೆ ‘ಲಿಬರ್ಟಿ ಬೆಲ್ 7’ ಮುಳುಗಿತು. 1999ರಲ್ಲಿ ನಾಲ್ಕು ಕಿಲೋಮೀಟರಿಗೂ ಹೆಚ್ಚು ಆಳದಿಂದ ಅದನ್ನು ಮೇಲೆತ್ತಿದಾಗ ಆ ಚಾಕು ಒಳಗೇ ಸಿಕ್ಕಿತು. 1965ರಲ್ಲಿ ಸೋವಿಯತ್ ಗಗನಯಾತ್ರಿಗಳಾದ ಅಲೆಕ್ಸೀ ಲಿಯನೋವ್ ಮತ್ತು ಪಾವೆಲ್ ಬೆಲ್ಯಾಯೆವ್ ಗುರಿ ತಪ್ಪಿ ಉರಲ್ ಪ್ರದೇಶದ ಹಿಮಗಾಡಿನಲ್ಲಿ ಇಳಿದು, ತೋಳ ಕರಡಿಗಳ ಭಯದ ನಡುವೆ ರಾತ್ರಿಗಳನ್ನು ಕಳೆದರು. ಈ ಅನುಭವದಿಂದ ಹುಟ್ಟಿದ್ದು ಟಿಪಿ-82 ಎಂಬ ಮೂರು ನಳಿಕೆಯ ಪಿಸ್ತೂಲು. ಅದರ ಹಿಂಬದಿಯ ಆಸರೆಯನ್ನು ಕಳಚಿದರೆ ಅದೇ ಮಚ್ಚು! ಸೋಯುಜ್ ನೌಕೆಗಳಲ್ಲಿ 2007ರವರೆಗೂ ಅದು ಬಳಕೆಯಲ್ಲಿತ್ತು.

ಕಕ್ಷೆಯಲ್ಲೇ ಜೇಬುಚಾಕು ಕೆಲಸ ಸಾಧಿಸಿಕೊಟ್ಟ ಪ್ರಸಂಗ ನಡೆದದ್ದು 1995ರ ನವೆಂಬರಿನಲ್ಲಿ. ಅಮೆರಿಕದ ಅಟ್ಲಾಂಟಿಸ್ ನೌಕೆ ರಷ್ಯಾದ ಮೀರ್ ನಿಲ್ದಾಣಕ್ಕೆ ಹೊಸ ಜೋಡಣಾ ಘಟಕವೊಂದನ್ನು ಒಯ್ದಿತ್ತು. ಜೋಡಣೆಯೇನೋ ಸರಿಯಾಗಿ ನಡೆಯಿತು, ಬಾಗಿಲು ಮಾತ್ರ ತೆರೆಯಲಿಲ್ಲ. ರಷ್ಯನ್ ತಂತ್ರಜ್ಞರು ಅದನ್ನು ಪಟ್ಟಿ, ಟೇಪುಗಳಿಂದ ಅಷ್ಟು ಬಿಗಿಯಾಗಿ ಕಟ್ಟಿ ಕಳಿಸಿದ್ದರು. ಕೆನಡಾದ ಕ್ರಿಸ್ ಹ್ಯಾಡ್‌ಫೀಲ್ಡ್ ತಮ್ಮ ಸ್ವಿಸ್ ಸೇನಾಚಾಕು ತೆಗೆದು ಕಟ್ಟುಗಳನ್ನು ಕೊಯ್ದು ಬಾಗಿಲು ಬಿಡಿಸಿದರು. ಕೋಟ್ಯಂತರ ಡಾಲರುಗಳ ಯಂತ್ರವ್ಯವಸ್ಥೆಯೂ ಕೊನೆಗೆ ಕೈಯಳತೆಯ ಒಂದು ಅಲಗನ್ನು ಬೇಡುತ್ತದೆ ಎಂಬುದು ಜೇಬುಚಾಕುವಿನ ಕಥೆಯಲ್ಲೇ ಅತ್ಯಂತ ಮನಮುಟ್ಟುವ ಸಂಗತಿ.

ನಿರ್ವಾತದಲ್ಲಿ ಹರಿತವಾದುದೆಲ್ಲವೂ ಪ್ರಾಣಾಪಾಯ ತರಬಲ್ಲದು. 2007ರ ಆಗಸ್ಟ್‌ನಲ್ಲಿ ಅಮೆರಿಕದ ಗಗನಯಾತ್ರಿ ರಿಕ್ ಮಾಸ್ಟ್ರಾಕಿಯೋ ತಮ್ಮ ಕೈಗವಸಿನ ಹೊರಪದರ ಹರಿದಿರುವುದನ್ನು ಕಂಡೊಡನೆ ಗಗನನಡಿಗೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಇಷ್ಟೆಲ್ಲ ಎಚ್ಚರವಿರುವ ಕಡೆಯಲ್ಲೇ 2018ರ ಡಿಸೆಂಬರ್ 11ರಂದು ರಷ್ಯಾದ ಒಲೆಗ್ ಕೊನೊನೆಂಕೊ ಮತ್ತು ಸೆರ್ಗೆಯ್ ಪ್ರೊಕೊಪಿಯೆವ್ ಚಾಕು, ಕತ್ತರಿ ಹಿಡಿದು ಹೊರಬಿದ್ದರು. ಸೋಯುಜ್ ಎಂಎಸ್-09 ನೌಕೆಯಲ್ಲಿ ಆಗಸ್ಟ್‌ನಲ್ಲಿ ಪತ್ತೆಯಾಗಿದ್ದ ಸುಮಾರು 2 ಮಿಲಿಮೀಟರ್ ರಂಧ್ರವನ್ನು ಹೊರಗಿನಿಂದ ಪರೀಕ್ಷಿಸಲು ಅವರು ಉಷ್ಣರಕ್ಷಕ ಹೊದಿಕೆಯನ್ನು ಸೀಳಿದರು. ರಂಧ್ರವಿದ್ದ ಭಾಗ ಭೂಮಿಗೆ ಮರಳುವ ದಾರಿಯಲ್ಲಿ ಉರಿದುಹೋಗುವಂಥದ್ದು. ಸಾಕ್ಷ್ಯ ಸಂಗ್ರಹಿಸಲು ಬೇರೆ ಅವಕಾಶವಿರಲಿಲ್ಲ. ಆ ನಡಿಗೆ ಏಳೂವರೆ ಗಂಟೆಗೂ ಮೀರಿ ನಡೆಯಿತು.

ವಿಮಾನಯಾನದ ಕಥೆಯೇ ಬೇರೆ. 2001ರ ಸೆಪ್ಟೆಂಬರ್ 11ರವರೆಗೆ ಅಮೆರಿಕದಲ್ಲಿ 4 ಅಂಗುಲಕ್ಕಿಂತ ಚಿಕ್ಕ ಅಲಗಿನ ಚಾಕುವನ್ನು ಪ್ರಯಾಣಿಕರು ಒಳಗೆ ಒಯ್ಯಬಹುದಿತ್ತು. ಅಂದಿನ ಅಪಹರಣಕಾರರು ಬಳಸಿದ್ದೂ ಸಣ್ಣ ಅಲಗುಗಳನ್ನೇ. ಅದಾದ ಬಳಿಕ ಉಗುರು ಕತ್ತರಿಯಂಥ ವಸ್ತುವೂ ಸಂಶಯಕ್ಕೆ ಗುರಿಯಾಯಿತು. 2005ರ ಕೊನೆಗೆ ಸಣ್ಣ ಕತ್ತರಿಗಳಿಗೆ ಅನುಮತಿ ಮರಳಿತು. 2013ರ ಮಾರ್ಚ್‌ನಲ್ಲಿ ಸಾರಿಗೆ ಭದ್ರತಾ ಆಡಳಿತದ ಮುಖ್ಯಸ್ಥ ಜಾನ್ ಪಿಸ್ಟೋಲ್, ಸುಮಾರು 6 ಸೆಂಟಿಮೀಟರ್‌ವರೆಗಿನ ಚಾಕುಗಳನ್ನೂ ಬಿಡುವುದಾಗಿ ಪ್ರಕಟಿಸಿದರು. ಚಾಲಕರ ಕೋಣೆಯ ಬಾಗಿಲು ಈಗ ಭದ್ರವಾಗಿದೆ, ಸಿಬ್ಬಂದಿ ಸ್ಫೋಟಕಗಳ ಪತ್ತೆಗೆ ಗಮನ ಕೊಡಲಿ ಎಂಬುದು ಅವರ ವಾದ. ಬಾಗಿಲಿನ ಈಚೆ ಪ್ರಯಾಣಿಕರ ನಡುವೆ ದುಡಿಯುವ ಗಗನಸಖಿಯರು ತೀವ್ರವಾಗಿ ವಿರೋಧಿಸಿದರು. ಜೂನ್‌ನಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ಲೆಕ್ಕಾಚಾರದಲ್ಲಿ ಪಿಸ್ಟೋಲ್ ಸರಿಯಿದ್ದರೂ, ಅಪಾಯವನ್ನು ಮೊದಲು ಎದುರಿಸುವವರ ಮಾತಿಗೆ ಹೆಚ್ಚಿನ ತೂಕ ಸಲ್ಲಬೇಕಿತ್ತು, ಸಂದಿತು. ಯುರೋಪಿನ ಒಕ್ಕೂಟದ ನಿಯಮ ಮಾತ್ರ 6 ಸೆಂಟಿಮೀಟರ್ ಮೀರಿದ ಅಲಗನ್ನಷ್ಟೇ ನಿಷೇಧಿಸುತ್ತದೆ.

ಭಾರತದಲ್ಲಿ ಕೈಚೀಲದಲ್ಲಿ ಚಾಕು ಒಯ್ಯುವಂತಿಲ್ಲ. ಚೆಕ್-ಇನ್ ಸಾಮಾನಿನಲ್ಲಿ ಕಳಿಸಬೇಕು. 1999ರ ಡಿಸೆಂಬರಿನ ಐಸಿ-814 ವಿಮಾನದ ಅಪಹರಣದ ನಂತರ, 2000ದ ಫೆಬ್ರುವರಿಯಲ್ಲಿ ಜೈಪುರದಿಂದ ಆರಂಭಿಸಿ, ವಿಮಾನ ನಿಲ್ದಾಣಗಳ ಕಾವಲು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ (ಸಿಐಎಸ್‌ಎಫ್) ಕೈಗೆ ಬಂತು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲೂ ತಪಾಸಣೆ ಅದರದೇ. ಸಿಖ್ಖರ ಕೃಪಾಣಕ್ಕೆ ವಿನಾಯಿತಿಯಿದೆ: ದೇಶದೊಳಗಿನ ವಿಮಾನಗಳಲ್ಲಿ, ಅಲಗು 6 ಅಂಗುಲ ಹಾಗೂ ಒಟ್ಟು ಉದ್ದ 9 ಅಂಗುಲ ಮೀರದಿದ್ದರೆ. ಕೃಪಾಣ ಧರಿಸುವುದನ್ನು ಸಿಖ್ ಧರ್ಮಾಚರಣೆಯ ಭಾಗವೆಂದು ಸಂವಿಧಾನದ 25ನೇ ವಿಧಿಯ ವಿವರಣೆಯೇ ಹೇಳುತ್ತದೆ. 1981ರಲ್ಲಿ ಕೃಪಾಣಧಾರಿಗಳು ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದನ್ನು ಲಾಹೋರಿಗೆ ಅಪಹರಿಸಿದ್ದರು. ಕೆಲವರ ಅಪರಾಧವನ್ನು ಒಂದು ಸಮುದಾಯದ ಶ್ರದ್ಧೆಯ ಮೇಲೆ ಹೊರಿಸದೆ, ಅಳತೆ ಗೊತ್ತುಪಡಿಸಿ ದಾರಿ ಕಂಡುಕೊಂಡದ್ದು ವಿವೇಕದ ನಡೆ.

ಬಾಹ್ಯಾಕಾಶ ನೌಕೆಗೂ ವಿಮಾನಕ್ಕೂ ನಿಯಮಗಳಲ್ಲಿರುವ ಅಂತರಕ್ಕೆ ಕಾರಣ ಲೋಹವಲ್ಲ, ಪರಿಚಯ. ಗಗನಯಾತ್ರಿಗಳು ವರ್ಷಗಟ್ಟಲೆ ಜೊತೆಗೆ ತರಬೇತಾದವರು, ಪರಸ್ಪರರ ಜೀವಕ್ಕೆ ಹೊಣೆಗಾರರು. ವಿಮಾನದಲ್ಲಿ ಅಪರಿಚಿತರೇ ಅಕ್ಕಪಕ್ಕ ಕೂರುತ್ತಾರೆ. ಅವರ ಮನಸ್ಸನ್ನು ಎಕ್ಸ್‌ರೇ ಯಂತ್ರ ತೋರಿಸದ್ದರಿಂದ ಚೀಲವನ್ನು ನೋಡಲಾಗುತ್ತದೆ.

2001ರ ನಂತರ ವಿಮಾನ ನಿಲ್ದಾಣದ ಮಳಿಗೆಗಳಲ್ಲಿ ಜೇಬುಚಾಕುಗಳ ಮಾರಾಟ ಕುಸಿದು ವಿಕ್ಟೋರಿನಾಕ್ಸ್ ಕೈಗಡಿಯಾರ, ಪ್ರಯಾಣದ ಚೀಲಗಳಂಥ ಇತರ ವಸ್ತುಗಳನ್ನು ಹೆಚ್ಚಾಗಿ ನೆಚ್ಚಿಕೊಂಡಿತು. ಅಲಗೇ ಇಲ್ಲದ ಸಲಕರಣೆಗಳನ್ನು ರೂಪಿಸುತ್ತಿರುವುದಾಗಿ ಸಂಸ್ಥೆ 2024ರಲ್ಲಿ ತಿಳಿಸಿತು. ಅಲಗುಳ್ಳ ಚಾಕುಗಳ ತಯಾರಿಕೆ ಎಂದಿನಂತೆ ಮುಂದುವರಿದಿದೆ.