ಫ್ಲಶ್ ಟ್ಯಾಂಕಿನ ತಳದ ವಾಷರ್

ಗುಂಡ್ಲುಪೇಟೆಯಲ್ಲಿ ನನ್ನದು ಪೈಪು, ನಲ್ಲಿ ಸಾಮಾನಿನ ಅಂಗಡಿ. ಬೇಸಿಗೆ ಬಂತೆಂದರೆ ಫ್ಲಶ್ ಟ್ಯಾಂಕಿನ ತಳಕ್ಕೆ ಕೂರುವ ರಬ್ಬರ್ ವಾಷರ್‌ಗೆ ಗಿರಾಕಿ ಜಾಸ್ತಿ. ಟ್ಯಾಂಕರ್ ನೀರಿಗೆ ದುಡ್ಡು ತೆರಲು ಶುರುವಾದ ಮೇಲೆಯೇ ಜನಕ್ಕೆ ಕಕ್ಕಸಿನೊಳಗೆ ಸೊರ್ರೆನ್ನುವ ಸದ್ದು ಕೇಳಿಸುವುದು.

ನಮ್ಮದು ಮಳೆನೆರಳಿನ ಸೀಮೆ. ಘಟ್ಟವೂ ನೀಲಗಿರಿಯೂ ಮೋಡವನ್ನು ಹಿಂಡಿಕೊಂಡು ಮಿಕ್ಕಿದ್ದನ್ನು ಇತ್ತ ಕಳಿಸುತ್ತವೆ. ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಪಕ್ಕದ ಅರಿಕುಠಾರಕ್ಕೆ ತಂದೆಯ ಹೆಸರಿಟ್ಟು ಚಾಮರಾಜನಗರ ಎಂದು ಕರೆದಾಗಲೂ ಊರು ಬದುಕುತ್ತಿದ್ದುದು ಕೆರೆ, ಕೊಳ, ಬಾವಿಗಳಿಂದಲೇ. ಬಾವಿಯಲ್ಲಿ ಸೇದಿ ಸೊಂಟದ ಮೇಲೆ ಹೊತ್ತು ತರುವ ಹೆಂಗಸರ ಮನೆಯಲ್ಲಿ ಬಯಲಕಡೆಗೆ ಒಂದು ಚೊಂಬು ನೀರು, ಅಷ್ಟೇ.

ಪೇಟೆಯ ಉಳ್ಳವರ ಹಿತ್ತಿಲಲ್ಲಿ ಒಣ ಕಕ್ಕಸಿತ್ತು. ಅದಕ್ಕೆ ನೀರು ಬೇಕಿರಲಿಲ್ಲ, ಹೊರುವ ಮನುಷ್ಯ ಬೇಕಿತ್ತು. ಹಳೆಯ ಕಾಲದ ನೀರಿನ ಮಿತವ್ಯಯವನ್ನು ಹೊಗಳುವವರು ಈ ಮಾತನ್ನು ನುಂಗಿಬಿಡುತ್ತಾರೆ. ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ನಿಷೇಧಿಸಿದ್ದು ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪನವರು. ಆಮೇಲೆ ಬಂದದ್ದು ನೀರು ಸುರಿಯುವ ಪ್ಯಾನು. ಇಳಿಜಾರು ಕಡಿದು, ಬಾಗಿನಲ್ಲಿ ನಿಲ್ಲುವ ನೀರು 20 ಮಿಲಿಮೀಟರು; ಒಂದೂವರೆ, ಎರಡು ಲೀಟರು ಸುರಿದರೆ ಚೊಕ್ಕಟ. ನನ್ನ ಕೇಳಿದರೆ ಈ ಸೀಮೆಗೆ ಅದಕ್ಕಿಂತ ಒಳ್ಳೆಯ ಕಕ್ಕಸು ಬಂದಿಲ್ಲ.

ಫ್ಲಶ್ ಟ್ಯಾಂಕು ಮೊದಲು ಬಂದದ್ದು ಸರಪಳಿ ಎಳೆಯುವ ಬೀಡುಕಬ್ಬಿಣದ ರೂಪದಲ್ಲಿ. ಪ್ರವಾಸಿ ಬಂಗಲೆಗಳಲ್ಲಿ ಗೋಡೆಯ ಎತ್ತರಕ್ಕೆ ಕೂತಿರುತ್ತಿತ್ತು. ಒಂದೊಂದು ಸಲಕ್ಕೆ 10 ಲೀಟರಿಗೂ ಮೇಲೆ ನೀರು ಕುಡಿಯುತ್ತಿತ್ತು ನಿಜ, ಆದರೆ ತಳದಲ್ಲಿ ಸೋರುತ್ತಿರಲಿಲ್ಲ. ಒಳಗಿದ್ದದ್ದು ಗಂಟೆಯಾಕಾರದ ಸೈಫನ್: ಸರಪಳಿ ಎಳೆದಾಗ ನೀರು ಕೊಳವೆಯ ಬಾಯಿ ಹತ್ತಿ ದಾಟಬೇಕು, ಎಳೆಯದಿದ್ದರೆ ದಾಟುವುದೇ ಇಲ್ಲ. ಇಂಗ್ಲೆಂಡಿನವರು ಇದೇ ಕಾರಣಕ್ಕೆ 2001ರವರೆಗೂ ಸೈಫನ್ ಬಿಟ್ಟು ಬೇರೆಯದಕ್ಕೆ ಒಪ್ಪಲಿಲ್ಲ.

1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು; ಕಚೇರಿ, ಕ್ವಾರ್ಟರ್ಸು, ಹೊಸ ಬಡಾವಣೆ ಎದ್ದವು. ಇತ್ತ ಊಟಿ ರಸ್ತೆಯಲ್ಲಿ ಲಾಡ್ಜುಗಳು. ಎಲ್ಲರಿಗೂ ಪ್ಲಾಸ್ಟಿಕ್ ಟ್ಯಾಂಕು, ಕಮೋಡು ಬೇಕಾಯಿತು. ಇವುಗಳ ಒಳಗೆ ನೀರನ್ನು ತಡೆದು ನಿಲ್ಲಿಸುವುದು ತಳದ ರಬ್ಬರ್ ಒಂದೇ. ಆ ಹೊತ್ತಿಗೆ ಬಾವಿಗಳು ಬತ್ತಿ, ನಮ್ಮ ನೀರು ಬಹುಪಾಲು ಬೋರಿನದಾಗಿತ್ತು. ಗಡಸು ನೀರು.

ಗಿರಾಕಿ ಬಿಚ್ಚಿ ತಂದ ವಾಷರ್ ನೋಡಿದರೆ ಕಾಯಿಲೆ ಗೊತ್ತಾಗುತ್ತದೆ. ಅಂಚಿನಲ್ಲಿ ಬಿಳಿ ಸುಣ್ಣದ ಹಕ್ಕಳೆ ಕಟ್ಟಿದ್ದರೆ ಅದು ಬೋರಿನ ಕೆಲಸ. ನಿಂಬೆರಸದಲ್ಲೋ ವಿನಿಗರ್‌ನಲ್ಲೋ ನೆನೆಸಿ ಉಜ್ಜಿದರೆ ಇನ್ನಷ್ಟು ದಿನ ಬಾಳೀತು. ಉಬ್ಬಿ, ಮುಟ್ಟಿದ ಬೆರಳಿಗೆ ಕಾಡಿಗೆಯಂತೆ ಕಪ್ಪು ಮೆತ್ತಿಕೊಂಡರೆ ಅದು ಟ್ಯಾಂಕಿಗೆ ಹಾಕುವ ಬ್ಲೀಚಿನ ಗುಳಿಗೆಯ ಕೆಲಸ, ಎಸೆಯುವುದೇ ಸರಿ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ನೀರು ಸರಬರಾಜು ಸಂಸ್ಥೆ 1990ರ ದಶಕದಲ್ಲೇ ಇದನ್ನು ಪರೀಕ್ಷಿಸಿ ನೋಡಿತ್ತು. ಆ ಗುಳಿಗೆಯನ್ನು ನಾನು ಮಾರುವುದಿಲ್ಲ. ಅನುಮಾನವಿದ್ದವರು ಟ್ಯಾಂಕಿಗೆ ಬಟ್ಟೆಯ ನೀಲಿ ನಾಲ್ಕು ಹನಿ ಬಿಟ್ಟು ಅರ್ಧ ಗಂಟೆ ಕಾಯಿರಿ, ಫ್ಲಶ್ ಮಾಡದೆ ಕಮೋಡು ನೀಲಿಯಾದರೆ ವಾಷರ್ ಹೋಗಿದೆ ಎಂದೇ ಲೆಕ್ಕ. ನಿಮಿಷಕ್ಕೆ 100 ಮಿಲಿ ಸೋರಿದರೂ ದಿನಕ್ಕೆ 144 ಲೀಟರು. ಒಳಚರಂಡಿ ಇರುವ ಊರಲ್ಲಿ ಸರ್ಕಾರ ಒಬ್ಬರಿಗೆ ದಿನವೊಂದಕ್ಕೆ ಲೆಕ್ಕ ಹಾಕುವುದೇ 135.

ಹೋದ ಬೇಸಿಗೆಯಲ್ಲಿ ತೆರಕಣಾಂಬಿ ಕಡೆಯ ಅಜ್ಜಿಯೊಬ್ಬರು ಮಗನ ಜೊತೆ ಬಂದಿದ್ದರು. “ಟ್ಯಾಂಕಿನ ನಲ್ಲಿಯ ನಾನೇ ತಿರುಗ್ಸಿ ಬುಟ್ಟಿವ್ನಿ ಕನಪ್ಪ, ಚೊಂಬೇ ಸಾಕು” ಅಂದರು. ಕಮೋಡಿನ ಬಾಗಿನಲ್ಲಿ ನೀರು ಹೆಚ್ಚು ನಿಲ್ಲುತ್ತದೆ, ಅದಕ್ಕೆ ಅರ್ಧ ಬಕೆಟ್ಟಾದರೂ ಒಂದೇ ಸಲ ಸುರಿಯಬೇಕು ಅಜ್ಜಿ, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ ಎಂದೆ. “ಹಂಗಾದ್ರೆ ಹಳೇ ಪ್ಯಾನ್ನ ಯಾಕ್ ಕೀಳ್ಸ್‌ದೆ?” ಎಂದು ಮಗನ ಕಡೆ ತಿರುಗಿದರು. ಅವನು ಮಾತಾಡದೆ ವಾಷರ್ ಕೊಂಡ.